ಎಡೆದೊರೆ ನಾಡಿನಲ್ಲಿ ಒಂದು ಹನಿ ರಕ್ತದ ಪಯಣ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಸೀಮೆಯನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಈ ನಾಡಿಗಾಗಿ ರಾಜರು ಕಾದಾಡಿದ ಕತೆ ಇತಿಹಾಸದ ಪುಸ್ತಕಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಕೃಷ್ಣದೇವರಾಯ ಗೆದ್ದ 1520ರ ರಾಯಚೂರು ಕದನ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಇದೇ ನೆಲದಲ್ಲಿ ಬಹುಕಾಲ ನಡೆದ ಇನ್ನೊಂದು ಹೋರಾಟಕ್ಕೆ ಕೋಟೆ ಕೊತ್ತಲಗಳ ಗುರುತಿಲ್ಲ. ಅದರ ವೈರಿ ಮಲೇರಿಯಾ. ಆಯುಧಗಳೆಂದರೆ ಒಂದು ಸೂಜಿ, ಒಂದು ಗಾಜಿನ ಸ್ಲೈಡು, ಒಂದು ಸೂಕ್ಷ್ಮದರ್ಶಕ.

ರಕ್ತವನ್ನು ಪರೀಕ್ಷಿಸುವ ಸೂಕ್ಷ್ಮ ಉಪಕರಣದ ಇತಿಹಾಸ ಎಂದರೆ ಸಾಮಾನ್ಯವಾಗಿ ಅದನ್ನು ಕಂಡುಹಿಡಿದವರ ಇತಿಹಾಸ. ಮಸೂರ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಯಂತ್ರ ನಿಮಿಷಕ್ಕೆ ಎಷ್ಟು ಕಣ ಎಣಿಸುತ್ತದೆ ಎಂಬುದೇ ಅಲ್ಲಿ ಮುಖ್ಯ. ದೇವದುರ್ಗದ ಅಥವಾ ಮಾನ್ವಿಯ ಹಳ್ಳಿಯೊಂದರಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದವನಿಗೆ ಬೇಕಾಗಿದ್ದ ಲೆಕ್ಕ ಬೇರೆ. ತನ್ನ ಬೆರಳಿನಿಂದ ತೆಗೆದ ಹನಿ ರಕ್ತ ಎಷ್ಟು ದೂರ ಹೋಗುತ್ತದೆ, ಉತ್ತರ ಎಷ್ಟು ದಿನಕ್ಕೆ ಬರುತ್ತದೆ ಎಂಬುದು ಆ ಲೆಕ್ಕ. ಉಪಕರಣವನ್ನು ಎಲ್ಲಿ, ಹೇಗೆ, ಯಾರ ಕೈಯಲ್ಲಿ ಸ್ಥಾಪಿಸಲಾಯಿತು ಎಂಬುದರ ಮೇಲೆ ಅದರ ಉತ್ತರ ನಿಂತಿತ್ತು.

ಜ್ವರಗಡ್ಡೆಯಿಂದ ಸೂಕ್ಷ್ಮದರ್ಶಕಕ್ಕೆ

ಚಳಿಜ್ವರ ಈ ನಾಡಿಗೆ ಹೊಸದಲ್ಲ. ದಿನ ಬಿಟ್ಟು ದಿನ ಬರುವ ಜ್ವರವನ್ನು ಜನ ಲಕ್ಷಣದಿಂದಲೇ ಗುರುತಿಸುತ್ತಿದ್ದರು. ಪದೇ ಪದೇ ಜ್ವರ ಬಂದವರ ಹೊಟ್ಟೆಯ ಎಡಭಾಗದಲ್ಲಿ, ಪಕ್ಕೆಲುಬಿನ ಕೆಳಗೆ, ಗುಲ್ಮ ಊದಿ ಕೈಗೆ ಸಿಗುತ್ತಿತ್ತು. ಕನ್ನಡದಲ್ಲಿ ಇದಕ್ಕೆ ಜ್ವರಗಡ್ಡೆ ಎಂಬ ಹೆಸರೇ ಇದೆ. ವೈದ್ಯರೂ ಬಹುಕಾಲ ಇದನ್ನೇ ನೆಚ್ಚಿದ್ದರು. ಒಂದು ಊರಿನಲ್ಲಿ ಮಲೇರಿಯಾ ಎಷ್ಟಿದೆ ಎಂದು ತಿಳಿಯಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹೊಟ್ಟೆ ಮುಟ್ಟಿ, ಗಡ್ಡೆ ಇರುವವರನ್ನು ಎಣಿಸುವುದು ರೂಢಿಯಾಗಿತ್ತು. ಊರಿನ ಸ್ಥಿತಿ ತಿಳಿಯಲು ಈ ವಿಧಾನ ಸಾಕು. ಇವತ್ತು ಜ್ವರದಲ್ಲಿ ಬಿದ್ದಿರುವವನ ರೋಗ ಮಲೇರಿಯಾವೇ ಅಲ್ಲವೇ ಎಂಬುದನ್ನು ಮಾತ್ರ ಅದು ಹೇಳಲಾರದು.

ಅದನ್ನು ಹೇಳಬಲ್ಲದ್ದು ರಕ್ತ. 1880ರ ನವೆಂಬರ್ 6ರಂದು ಅಲ್ಜೀರಿಯಾದ ಕಾನ್‌ಸ್ಟಂಟೈನ್ ಪಟ್ಟಣದ ಸೈನಿಕ ಆಸ್ಪತ್ರೆಯಲ್ಲಿ ಫ್ರೆಂಚ್ ವೈದ್ಯ ಲ್ಯಾವೆರಾನ್ ರೋಗಿಯೊಬ್ಬನ ರಕ್ತದಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡ. ಆ ವರೆಗೆ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ನಂಬಿದ್ದ ರೋಗಕ್ಕೆ ಒಂದು ಜೀವಿ ಕಾರಣ ಎಂಬುದು ಹೀಗೆ ತಿಳಿಯಿತು. ಅದು ದೇಹದೊಳಗೆ ಹೋಗುವ ದಾರಿ ಯಾವುದು ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಉತ್ತರ ಸಿಕ್ಕಿದ್ದು ರಾಯಚೂರು ಅಂದು ಸೇರಿದ್ದ ನಿಜಾಮರ ಸೀಮೆಯಲ್ಲಿಯೇ.

ಇಂಡಿಯನ್ ಮೆಡಿಕಲ್ ಸರ್ವಿಸ್‌ನ ರೊನಾಲ್ಡ್ ರಾಸ್‌ಗೆ ಕನ್ನಡ ನಾಡು ಅಪರಿಚಿತವಾಗಿರಲಿಲ್ಲ. 1883ರಲ್ಲಿ ಬೆಂಗಳೂರಿನಲ್ಲಿದ್ದಾಗ ತನ್ನ ಬಂಗಲೆಯ ಸೊಳ್ಳೆಗಳು ಕಿಟಕಿಯ ಹೊರಗಿನ ನೀರಿನ ತೊಟ್ಟಿಯಿಂದ ಬರುತ್ತವೆಂದು ಆತ ಕಂಡುಕೊಂಡಿದ್ದ. ತೊಟ್ಟಿಯನ್ನು ಮಗುಚಿಹಾಕಿದ ಮೇಲೆ ಅವುಗಳ ಕಾಟ ಕಡಿಮೆಯಾಗಿತ್ತು. 1895ರಲ್ಲಿ ಕಾಲರಾ ತಡೆಯುವ ಕೆಲಸಕ್ಕೆಂದು ಅದೇ ಊರಿಗೆ ಮತ್ತೆ ಬಂದ. ನಿರ್ಣಾಯಕ ಕೆಲಸ ನಡೆದದ್ದು ಸಿಕಂದರಾಬಾದಿನ ಬೇಗಂಪೇಟೆಯ ಆಸ್ಪತ್ರೆಯಲ್ಲಿ. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯನ್ನು ಸೊಳ್ಳೆಪರದೆಯೊಳಗೆ ಮಲಗಿಸಿ, ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಕೊಟ್ಟು, ಆ ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ನೋಡಿದ. 1897ರ ಆಗಸ್ಟ್ 20ರಂದು ಸೊಳ್ಳೆಯ ಜಠರದ ಗೋಡೆಯಲ್ಲಿ ಕಪ್ಪು ಕಣಗಳಿದ್ದ ದುಂಡನೆಯ ಕೋಶಗಳು ಕಂಡವು. ರೋಗ ಸಾಗುವ ದಾರಿಯ ಸುಳಿವು ಸಿಕ್ಕಿತು. ಮುಂದಿನ ವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾದ ಮೇಲೆ ಕೆಲಸ ಮಾಡಿ ಆ ದಾರಿಯನ್ನು ಪೂರ್ತಿಗೊಳಿಸಿದ. 1902ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಈ ಕತೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುವುದು ಆ ಸೂಕ್ಷ್ಮದರ್ಶಕದ ಸ್ಥಿತಿ. ರಾಸ್ ತಾನೇ ಬರೆದಿರುವಂತೆ, ಹಣೆಯಿಂದ, ಕೈಯಿಂದ ಇಳಿದ ಬೆವರಿಗೆ ಅದರ ತಿರುಪುಗಳು ತುಕ್ಕು ಹಿಡಿದಿದ್ದವು. ಉಳಿದಿದ್ದ ಒಂದೇ ಕಣ್ಣುಮಸೂರವೂ ಬಿರುಕು ಬಿಟ್ಟಿತ್ತು. ಪಂಖಾ ಬೀಸಿದರೆ ಸೀಳಿಟ್ಟ ಸೊಳ್ಳೆ ಹಾರಿಹೋಗುತ್ತಿದ್ದುದರಿಂದ ಆಗಸ್ಟ್ ತಿಂಗಳ ಸೆಕೆಯಲ್ಲಿ ಗಾಳಿಯಿಲ್ಲದೆ ಕೂರಬೇಕಾಗಿತ್ತು. ದಖ್ಖನ್ನಿನ ಬಿಸಿಲು, ಬೆವರು, ದೂಳಿನ ನಡುವೆ ಸೂಕ್ಷ್ಮ ಉಪಕರಣವನ್ನು ಕೆಲಸಕ್ಕೆ ನಿಲ್ಲಿಸುವುದು ಎಷ್ಟು ಕಷ್ಟ ಎಂಬ ಪಾಠ ಅಲ್ಲಿಯೇ ಶುರುವಾಯಿತು. ಮುಂದೆ ರಾಯಚೂರು ಸೀಮೆಯ ಆಸ್ಪತ್ರೆಗಳೂ ಇದೇ ಪಾಠವನ್ನು ಓದಬೇಕಾಯಿತು.

ಬಣ್ಣ, ನೀರು ಮತ್ತು ಬಿಸಿಲು

ಮಸೂರವೊಂದಿದ್ದರೆ ಸಾಲದು. ಬಣ್ಣ ಹಾಕದ ರಕ್ತದಲ್ಲಿ ಪರೋಪಜೀವಿಯನ್ನು ಗುರುತಿಸಲು ಪಳಗಿದ ಕಣ್ಣೇ ಬೇಕು. 1891ರ ಸುಮಾರಿಗೆ ರಷ್ಯದ ರೊಮನೋವ್‌ಸ್ಕಿ ನೀಲಿ ಮತ್ತು ಕೆಂಪು ಬಣ್ಣಗಳನ್ನು ಬೆರೆಸಿ ಪರೋಪಜೀವಿಯ ಒಡಲು ನೀಲಿಯಾಗಿ, ಅದರ ತಿರುಳು ಕೆಂಪಾಗಿ ಕಾಣುವಂತೆ ಮಾಡಿದ. 1904ರಲ್ಲಿ ಜರ್ಮನಿಯ ಗೀಮ್ಸಾ ಅದನ್ನು ಕೆಡದೆ ಉಳಿಯುವ ದ್ರಾವಣವಾಗಿಸಿದ. ಭಾರತದಲ್ಲಿ 1944ರಲ್ಲಿ ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ ಅಗ್ಗದ, ಬೇಗ ಬಣ್ಣ ಕಟ್ಟುವ ದ್ರಾವಣವೊಂದನ್ನು ರೂಪಿಸಿದರು. ಜೆ.ಎಸ್.ಬಿ. ಎಂಬ ಹೆಸರಿನ ಈ ಬಣ್ಣ ದೇಶದ ಮಲೇರಿಯಾ ಪ್ರಯೋಗಾಲಯಗಳಲ್ಲೆಲ್ಲ ಹರಡಿತು.

ಇನ್ನೊಂದು ಸುಧಾರಣೆ ರಾಸ್‌ನದೇ. ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಎಳೆದರೆ ಕಣಗಳು ಚೊಕ್ಕವಾಗಿ ಕಾಣುತ್ತವೆ. ಆದರೆ ನೋಡಸಿಗುವ ರಕ್ತ ಬಹಳ ಕಡಿಮೆ. 1903ರಲ್ಲಿ ಆತ ದಪ್ಪ ಲೇಪನದ ಕ್ರಮವನ್ನು ವಿವರಿಸಿದ. ರಕ್ತದ ಹನಿಯನ್ನು ಒತ್ತಾಗಿ ಬಿಟ್ಟು, ಒಣಗಿದ ಮೇಲೆ ನೀರಿನಲ್ಲಿ ಅದರ ಕೆಂಪನ್ನು ಬಿಡಿಸಿದರೆ ಕೆಂಪುಕಣಗಳು ಕರಗಿ ಪರೋಪಜೀವಿಗಳು ಮಾತ್ರ ಉಳಿಯುತ್ತವೆ. ಕಡಿಮೆ ಸಂಖ್ಯೆಯಲ್ಲಿದ್ದರೂ ಅವು ಕಣ್ಣಿಗೆ ಬೀಳುತ್ತವೆ. ಜ್ವರ ಬಂದವರ ಒಂದೇ ಸ್ಲೈಡಿನಲ್ಲಿ ಒಂದು ದಪ್ಪ, ಒಂದು ತೆಳು ಲೇಪನ ಮಾಡುವ ಪದ್ಧತಿ ಮುಂದೆ ಎಲ್ಲೆಡೆ ನೆಲೆಸಿತು. ಮಲೇರಿಯಾ ಇದೆಯೇ ಎಂದು ದಪ್ಪ ಲೇಪನ ಹೇಳುತ್ತದೆ, ಯಾವ ಜಾತಿಯದು ಎಂದು ತೆಳು ಲೇಪನ ಹೇಳುತ್ತದೆ.

ರಾಯಚೂರಿನ ಹವೆ ಈ ಕೆಲಸಕ್ಕೆ ಎರಡು ಕಡೆ ಅಡ್ಡ ಬರುತ್ತದೆ. ಮೊದಲನೆಯದು ಬಿಸಿಲು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಊರಿದು. ದಪ್ಪ ಲೇಪನವನ್ನು ಬಣ್ಣ ಹಾಕದೆ ದಿನಗಟ್ಟಲೆ ಇಟ್ಟರೆ ಆ ಶಾಖಕ್ಕೆ ರಕ್ತ ಗಾಜಿಗೆ ಗಟ್ಟಿಯಾಗಿ ಹಿಡಿದುಬಿಡುತ್ತದೆ. ಮತ್ತೆ ನೀರಿನಲ್ಲಿಟ್ಟರೆ ಕೆಂಪು ಬಿಡುವುದಿಲ್ಲ, ಒಳಗಿರುವ ಪರೋಪಜೀವಿ ಕಾಣುವುದಿಲ್ಲ. ತಡವಾದ ಸ್ಲೈಡಿನ ಉತ್ತರ ತಡವಾಗುವುದು ಒಂದು ತೊಂದರೆ, ಅದು ತಪ್ಪಾಗಬಹುದೆಂಬುದು ಇನ್ನೊಂದು.

ಎರಡನೆಯದು ನೀರು. ಬಣ್ಣ ಸರಿಯಾಗಿ ಕಟ್ಟಲು ನೀರು ಹೆಚ್ಚು ಹುಳಿಯೂ ಇರಬಾರದು, ಹೆಚ್ಚು ಕ್ಷಾರವೂ ಇರಬಾರದು. ರಾಯಚೂರು ಜಿಲ್ಲೆಯ ಬಾವಿ, ಕೊಳವೆಬಾವಿಗಳ ಗಡಸು ನೀರು, ಅದರಲ್ಲಿನ ಫ್ಲೋರೈಡು ಹೆಸರುವಾಸಿ. ಕ್ಷಾರದ ನೀರಿನಲ್ಲಿ ತೊಳೆದರೆ ಲೇಪನವೆಲ್ಲ ಕಡುನೀಲಿಯಾಗಿ ಪರೋಪಜೀವಿ ಅದರಲ್ಲೇ ಮುಚ್ಚಿಹೋಗುತ್ತದೆ. ಆದ್ದರಿಂದ ಲವಣಗಳನ್ನು ಅಳತೆಯಲ್ಲಿ ಬೆರೆಸಿ ಹದಗೊಳಿಸಿದ ನೀರನ್ನೇ ಬಳಸಬೇಕು. ಸೂಕ್ಷ್ಮದರ್ಶಕ ಎಷ್ಟೇ ದುಬಾರಿಯದಾದರೂ ನೀರಿನ ಬಾಟಲಿಯಲ್ಲಿ ಹದ ತಪ್ಪಿದರೆ ಅದು ಕುರುಡು.

ಕಾಲುವೆಯ ನೀರು, ಜ್ವರದ ಲೆಕ್ಕ

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನ ಮಲೇರಿಯಾದಿಂದ ನರಳುತ್ತಿದ್ದರು, ಸುಮಾರು ಎಂಟು ಲಕ್ಷ ಜನ ಸಾಯುತ್ತಿದ್ದರು ಎಂಬುದು ಅಂದಿನ ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಅದೇ 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಹರಿಯತೊಡಗಿತು. ರಾಯಚೂರು ಆಗ ಹೈದರಾಬಾದ್ ರಾಜ್ಯದಲ್ಲಿತ್ತು. ಕನ್ನಡ ನಾಡು ಒಂದಾಗಲು ಇನ್ನೂ ಮೂರು ವರ್ಷವಿತ್ತು. ಎಡದಂಡೆ ಕಾಲುವೆ ಸಿಂಧನೂರು, ಮಾನ್ವಿ ತಾಲ್ಲೂಕುಗಳ ಜೋಳದ ಹೊಲಗಳನ್ನು ಭತ್ತದ ಗದ್ದೆಗಳಾಗಿ ಮಾಡಿತು. ಮುಂದೆ ಕೃಷ್ಣೆಯ ನಾರಾಯಣಪುರ ಅಣೆಕಟ್ಟಿನ ಬಲದಂಡೆ ಕಾಲುವೆ ದೇವದುರ್ಗದ ಕಡೆಗೂ ನೀರು ತಂದಿತು.

ಬರದ ನಾಡಿಗೆ ನೀರು ಬಂದದ್ದು ಭಾಗ್ಯವೇ. ಆದರೆ ಕಾಲುವೆಯಿಂದ ಜಿನುಗಿ ನಿಂತ ನೀರು, ಹೂಳು ತುಂಬಿದ ಸಣ್ಣ ತೂಬುಗಾಲುವೆಗಳು, ನದಿ ಇಳಿದ ಮೇಲೆ ಮರಳಿನಲ್ಲಿ ಉಳಿದ ಗುಂಡಿಗಳು ಅನಾಫಿಲಿಸ್ ಸೊಳ್ಳೆಗೂ ಅಷ್ಟೇ ಅನುಕೂಲ. ಡಿ.ಡಿ.ಟಿ. ಸಿಂಪಡಣೆಯಿಂದ ರೋಗ ಮೊದಲಿಗೆ ಬೆರಗಾಗುವಷ್ಟು ಇಳಿಯಿತು. 1958ರಲ್ಲಿ ನಿಯಂತ್ರಣದ ಹೆಸರು ತೆಗೆದು ನಿರ್ಮೂಲನ ಎಂದು ಬರೆಯುವಷ್ಟು ಧೈರ್ಯ ಬಂತು. 1965ರ ಹೊತ್ತಿಗೆ ಇಡೀ ದೇಶದ ಲೆಕ್ಕ ಸುಮಾರು ಒಂದು ಲಕ್ಷಕ್ಕೆ ಇಳಿದಿತ್ತು. ಆಮೇಲೆ ಸೊಳ್ಳೆ ಔಷಧಿಗೆ ಒಗ್ಗಿತು, ಕಾರ್ಯಕ್ರಮದ ಬಿಗಿ ಸಡಿಲಿತು. 1976ರಲ್ಲಿ ಲೆಕ್ಕ 64 ಲಕ್ಷ ಮುಟ್ಟಿತು.

ಪ್ರಯೋಗಾಲಯ ಹಳ್ಳಿಯ ಕಡೆಗೆ

ಅದುವರೆಗೆ ಪರೀಕ್ಷೆಯ ವ್ಯವಸ್ಥೆ ಹೇಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಹತ್ತು ಹನ್ನೆರಡು ಲಕ್ಷ ಜನಸಂಖ್ಯೆಗೆ ಒಂದು ಮಲೇರಿಯಾ ಘಟಕ, ಆ ಘಟಕಕ್ಕೆ ಒಂದು ಪ್ರಯೋಗಾಲಯ. ಕಾರ್ಯಕರ್ತರು ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಹೋಗಿ ಜ್ವರ ಬಂದವರ ರಕ್ತ ತೆಗೆದು, ಹೆಸರು ನಂಬರು ಬರೆದು, ಸ್ಲೈಡುಗಳ ಕಟ್ಟನ್ನು ಘಟಕಕ್ಕೆ ಕಳಿಸಬೇಕು. ರಾಯಚೂರಿನಿಂದ ದೇವದುರ್ಗವೂ ಮಾನ್ವಿಯೂ ಐವತ್ತು ಕಿಲೋಮೀಟರ್ ಆಸುಪಾಸಿನ ದೂರ. ಎರಡೂ ಊರುಗಳಿಗೆ ರೈಲು ಇರಲಿಲ್ಲ. ಹಳ್ಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಬಸ್ಸಿನಲ್ಲಿ ಮುಂದಕ್ಕೆ ಹೋಗಿ, ಸರದಿಯಲ್ಲಿ ಕಾದು, ಉತ್ತರ ಅದೇ ದಾರಿಯಲ್ಲಿ ಹಿಂದಿರುಗಬೇಕಾಗಿತ್ತು. ಇಂಥ ವಿಳಂಬ ಗೊತ್ತಿದ್ದೇ ರಕ್ತ ತೆಗೆದ ಕೂಡಲೇ ಎಲ್ಲರಿಗೂ ಕ್ಲೋರೋಕ್ವಿನ್ ಗುಳಿಗೆ ನುಂಗಿಸುವ ಪದ್ಧತಿ ಇತ್ತು. ಮಲೇರಿಯಾ ಖಚಿತವಾದ ಮೇಲೆ ಪ್ರೈಮಾಕ್ವಿನ್ ಸೇರಿದ ಪೂರ್ಣ ಚಿಕಿತ್ಸೆ.

ಈ ಏರ್ಪಾಡಿನ ದೊಡ್ಡ ತೂತು ಬೀಳುತ್ತಿದ್ದುದು ಗುಳೆಯಲ್ಲಿ. ದೇವದುರ್ಗ, ಮಾನ್ವಿ ಕಡೆಯ ಒಣಭೂಮಿಯ ಜನ ಸುಗ್ಗಿ ಮುಗಿದ ಮೇಲೆ ದುಡಿಮೆ ಹುಡುಕಿ ಗುಳೆ ಹೋಗುವುದು ಹಳೆಯ ಪಾಡು. ಹೆಂಡತಿ ಮಕ್ಕಳೊಡನೆ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ, ಕರಾವಳಿಗೋ, ಮುಂಬಯಿಗೋ ಹೊರಡುತ್ತಾರೆ. ಉತ್ತರ ಬರುವ ಹೊತ್ತಿಗೆ ಮನೆಗೆ ಬೀಗ. ವೈವಾಕ್ಸ್ ಜಾತಿಯ ಪರೋಪಜೀವಿ ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ಮೇಲೆ ಮತ್ತೆ ಜ್ವರ ತರಬಲ್ಲದು. ಫಾಲ್ಸಿಪಾರಂ ಜಾತಿಯದು ಮಿದುಳಿಗೇರಿದರೆ ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯುತ್ತದೆ. ಎರಡು ವಾರದ ನಂತರ ಬಂದ ಸರಿಯಾದ ಉತ್ತರಕ್ಕೆ ವರದಿ ಪುಸ್ತಕದಲ್ಲಿ ಬೆಲೆ ಇರಬಹುದು, ಆ ರೋಗಿಗೆ ಇಲ್ಲ.

1977ರಲ್ಲಿ ಜಾರಿಗೆ ಬಂದ ಪರಿಷ್ಕೃತ ಕಾರ್ಯಯೋಜನೆ ಈ ದೌರ್ಬಲ್ಯಕ್ಕೆ ಕೈಹಾಕಿತು. ಜಿಲ್ಲೆಯನ್ನೇ ಕಾರ್ಯಕ್ರಮದ ಘಟಕವನ್ನಾಗಿ ಮಾಡಿ, ಪ್ರಯೋಗಾಲಯವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟಕ್ಕೆ ಇಳಿಸಿತು. ಸ್ಲೈಡು ಸೂಕ್ಷ್ಮದರ್ಶಕವನ್ನು ಹುಡುಕಿಕೊಂಡು ಹೋಗುವ ಬದಲು ಸೂಕ್ಷ್ಮದರ್ಶಕವೇ ಸ್ಲೈಡಿನ ಹತ್ತಿರ ಬರಬೇಕು ಎಂಬ ನಿರ್ಧಾರ ಅದು. ಡಿ.ಡಿ.ಟಿ.ಯಂತೆ ಸದ್ದು ಮಾಡದಿದ್ದರೂ ಮಲೇರಿಯಾದ ಇತಿಹಾಸದಲ್ಲಿ ಇದು ಸಣ್ಣ ಹೆಜ್ಜೆಯಲ್ಲ.

ಆರೋಗ್ಯ ಕೇಂದ್ರದ ಕೋಣೆಯಲ್ಲಿ ಅದನ್ನು ಕೂರಿಸುವುದೆಂದರೆ ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಡುವುದಲ್ಲ. ಮೇಜು ಅಲುಗಬಾರದು. ಸಾವಿರ ಪಟ್ಟು ದೊಡ್ಡದಾಗಿ ಕಾಣುವಾಗ ಸಣ್ಣ ಅದುರಿಕೆಯೂ ನೋಟವನ್ನು ಕದಡುತ್ತದೆ. ಕರೆಂಟು ಇಲ್ಲದಾಗ ಕನ್ನಡಿಯಿಂದ ಬೆಳಕು ಹಿಡಿಯಬೇಕು. ನೇರ ಬಿಸಿಲು ಕಣ್ಣು ಕುಕ್ಕುತ್ತದೆ, ಉತ್ತರದ ಆಕಾಶದ ತಣ್ಣನೆಯ ಬೆಳಕು ಒಳ್ಳೆಯದು. ಬೆಳಕನ್ನು ಒಟ್ಟುಗೂಡಿಸುವ ಕೆಳಗಿನ ಮಸೂರವನ್ನು ಪೂರ್ತಿ ಮೇಲೇರಿಸಿ, ಸ್ಲೈಡಿನ ಮೇಲೆ ಒಂದು ತೊಟ್ಟು ಎಣ್ಣೆ ಹಾಕಿ, ನೂರು ಪಟ್ಟಿನ ಮಸೂರವನ್ನು ಆ ಎಣ್ಣೆಗೆ ತಾಗಿಸಿ ನೋಡಬೇಕು. ಆ ಎಣ್ಣೆಯನ್ನು ಒರೆಸದೆ ಬಿಟ್ಟರೆ ದೂಳು ಅಂಟುತ್ತದೆ. ಒರೆಸುವ ದ್ರವ ಹೆಚ್ಚಾದರೆ ಮಸೂರವನ್ನು ಹಿಡಿದಿಟ್ಟ ಅಂಟು ಬಿಡುತ್ತದೆ. ಮಳೆಗಾಲದಲ್ಲಿ ಗಾಜಿನ ಮೇಲೆ ಬೂಷ್ಟು ಬೆಳೆಯುತ್ತದೆ.

ಇಷ್ಟಾದ ಮೇಲೆ ಬೇಕಾದದ್ದು ನೋಡುವ ಕಣ್ಣು. ದಪ್ಪ ಲೇಪನದಲ್ಲಿ ನೂರು ನೋಟಗಳನ್ನಾದರೂ ಜಾಲಾಡದೆ ಇಲ್ಲ ಎಂದು ಬರೆಯುವಂತಿಲ್ಲ. ದಿನಕ್ಕೆ ಐವತ್ತು ಅರವತ್ತು ಸ್ಲೈಡು ನೋಡುವ ತಂತ್ರಜ್ಞನ ಕಣ್ಣು ಸಂಜೆಗೆ ಸೋಲುತ್ತದೆ. ಬಣ್ಣದ ಕಸವನ್ನು ಪರೋಪಜೀವಿ ಎನ್ನುವುದು, ಪರೋಪಜೀವಿಯನ್ನು ಕಸವೆಂದು ಬಿಡುವುದು ಎರಡೂ ಸಾಧ್ಯ. ಹಾಗಾಗಿ ರೋಗ ಕಂಡ ಸ್ಲೈಡುಗಳನ್ನೂ ಕಾಣದ ಸ್ಲೈಡುಗಳಲ್ಲಿ ಒಂದು ಪಾಲನ್ನೂ ಮೇಲಿನ ಪ್ರಯೋಗಾಲಯದಲ್ಲಿ ಮರುಪರೀಕ್ಷೆ ಮಾಡುವ ನಿಯಮ ಬಂತು. 1990ರ ದಶಕದಲ್ಲಿ ರಾಜ್ಯದ ಮಲೇರಿಯಾ ಪೀಡಿತ ಜಿಲ್ಲೆಗಳ ಹೆಸರು ಹೇಳುವಾಗ ರಾಯಚೂರು ತಪ್ಪುತ್ತಿರಲಿಲ್ಲ. ರಾಜ್ಯದ ವಾರ್ಷಿಕ ಲೆಕ್ಕ ಆಗ ಲಕ್ಷ ದಾಟುತ್ತಿತ್ತು. ಆ ಲೆಕ್ಕದ ಒಂದೊಂದು ಅಂಕಿಯ ಹಿಂದೆಯೂ ಇಂಥ ಒಬ್ಬ ತಂತ್ರಜ್ಞನ ಕಣ್ಣು ಇತ್ತು.

ಎಣಿಸುವ ಯಂತ್ರದ ಕಾಲ

ರಕ್ತಪರೀಕ್ಷೆಯ ಇನ್ನೊಂದು ಸೂಕ್ಷ್ಮ ಉಪಕರಣದ ಕತೆಯೂ 1953ಕ್ಕೇ ಸೇರಿದೆ. ಅಮೆರಿಕದ ವಾಲೇಸ್ ಕೌಲ್ಟರ್ ಆ ವರ್ಷ ರಕ್ತಕಣ ಎಣಿಸುವ ಕ್ರಮಕ್ಕೆ ಪೇಟೆಂಟ್ ಪಡೆದ. ತತ್ವ ಸರಳ. ಉಪ್ಪುನೀರಿನಲ್ಲಿ ತೆಳುಮಾಡಿದ ರಕ್ತವನ್ನು ಅತಿ ಸಣ್ಣ ರಂಧ್ರದ ಮೂಲಕ ಹಾಯಿಸಿ, ಅದರಲ್ಲಿ ವಿದ್ಯುತ್ತನ್ನೂ ಹರಿಸಿದರೆ, ಪ್ರತಿಯೊಂದು ಕಣ ದಾಟುವಾಗ ವಿದ್ಯುತ್ತಿಗೆ ಕ್ಷಣಕಾಲ ತಡೆಯಾಗುತ್ತದೆ. ಆ ತಡೆಗಳನ್ನು ಎಣಿಸಿದರೆ ಕಣಗಳ ಸಂಖ್ಯೆ, ತಡೆಯ ಪ್ರಮಾಣ ಅಳೆದರೆ ಕಣದ ಗಾತ್ರ. ಹಿಂದೆ ಚೌಕಳಿ ಗೆರೆಯ ಗಾಜಿನ ಮೇಲೆ ಕಣ್ಣಿನಿಂದ ಎಣಿಸುತ್ತಿದ್ದುದನ್ನು ಈಗಿನ ಯಂತ್ರಗಳು ಒಂದೆರಡು ನಿಮಿಷದಲ್ಲಿ ಮುಗಿಸುತ್ತವೆ. 2007ರಲ್ಲಿ ರಾಯಚೂರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಬಸುರಿಯರ ರಕ್ತಹೀನತೆ ಅಳೆಯಲು, ಡೆಂಗಿ ಜ್ವರದಲ್ಲಿ ಪ್ಲೇಟ್‌ಲೆಟ್ ಎಷ್ಟಿದೆ ಎಂದು ನೋಡಲು ಇಂಥ ಯಂತ್ರವಿಲ್ಲದೆ ಇಂದು ನಡೆಯದು.

ಇದನ್ನು ಸ್ಥಾಪಿಸುವಾಗಲೂ ಹಳೆಯ ಪಾಠವನ್ನೇ ಮತ್ತೆ ಓದಬೇಕಾಗುತ್ತದೆ. ದೂಳಿನ ಕಣವನ್ನೂ ಗಾಳಿಯ ಗುಳ್ಳೆಯನ್ನೂ ಯಂತ್ರ ರಕ್ತಕಣವೆಂದೇ ಎಣಿಸಿಬಿಡಬಲ್ಲದು. ಅದಕ್ಕೆ ಪ್ರತಿದಿನ ರಕ್ತವಿಲ್ಲದ ದ್ರಾವಣವನ್ನು ಮೊದಲು ಹಾಯಿಸಿ ಲೆಕ್ಕ ಸೊನ್ನೆಯ ಹತ್ತಿರ ಬರುತ್ತದೆಯೇ ಎಂದು ನೋಡಬೇಕು. ಬಳಿಕ ಮೊದಲೇ ಅಳತೆ ಗೊತ್ತಿರುವ ಮಾದರಿ ರಕ್ತವನ್ನು ಪರೀಕ್ಷಿಸಿ ಯಂತ್ರ ಸರಿಯಾಗಿ ಹೇಳುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಆ ಮಾದರಿ ಕೆಡದಂತಿರಲು ತಂಪು ಪೆಟ್ಟಿಗೆ, ಯಂತ್ರ ಕಾಯದಂತೆ ತಂಪು ಕೋಣೆ, ವೋಲ್ಟೇಜ್ ಏರಿಳಿಯದಂತೆ ಯು.ಪಿ.ಎಸ್. ಬೇಕು. 1985ರಿಂದ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ ರಾಜ್ಯಕ್ಕೆಲ್ಲ ವಿದ್ಯುತ್ ಕಳಿಸುತ್ತ ಬಂದ ಜಿಲ್ಲೆಯಿದು. ಇಲ್ಲಿಯೂ ಪ್ರಯೋಗಾಲಯದ ಯಂತ್ರಕ್ಕೆ ಬೇಕಾದದ್ದು ಹೆಚ್ಚು ವಿದ್ಯುತ್ತಲ್ಲ, ಕೈಕೊಡದ ವಿದ್ಯುತ್ತು. ದ್ರಾವಣ ಮುಗಿದ ದಿನ, ಕೆಟ್ಟಾಗ ದುರಸ್ತಿಯವನು ಬಾರದ ದಿನ ಲಕ್ಷಾಂತರ ರೂಪಾಯಿಯ ಯಂತ್ರ ಮುಸುಕು ಹೊದ್ದು ಕೂರುತ್ತದೆ. ರೋಗಿ ಮತ್ತೆ ಬಸ್ಸು ಹತ್ತುತ್ತಾನೆ.

ಈ ಯಂತ್ರ ಸೂಕ್ಷ್ಮದರ್ಶಕವನ್ನು ಕೆಲಸದಿಂದ ಬಿಡಿಸಿಲ್ಲ ಎಂಬುದೂ ಗಮನಾರ್ಹ. ಪ್ಲೇಟ್‌ಲೆಟ್ ಇಳಿದಿದೆ ಎಂದು ಅದು ಹೇಳಬಹುದು. ಇಳಿದದ್ದು ಡೆಂಗಿಯಿಂದಲೋ ಮಲೇರಿಯಾದಿಂದಲೋ ಎಂದು ತಿಳಿಯಲು ಸ್ಲೈಡನ್ನೂ ನೋಡಬೇಕು. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ಪಟ್ಟಿಯ ಪರೀಕ್ಷೆ ಅರ್ಧ ಗಂಟೆಯೊಳಗೆ ಮಲೇರಿಯಾ ಇದೆಯೇ ಇಲ್ಲವೇ ಎಂದು ಹೇಳುತ್ತದೆ. ರೋಗಿಯ ದೇಹದಲ್ಲಿ ಎಷ್ಟು ಪರೋಪಜೀವಿ ಉಳಿದಿದೆ, ಔಷಧಿ ನಾಟುತ್ತಿದೆಯೇ ಎಂಬುದಕ್ಕೆ ಸ್ಲೈಡೇ ಸಾಕ್ಷಿ.

2016ರಲ್ಲಿ ದೇಶ ಮತ್ತೆ ನಿರ್ಮೂಲನದ ಗುರಿ ಇಟ್ಟುಕೊಂಡಿತು. 2030 ಅದರ ಗಡುವು. ಕರ್ನಾಟಕದಲ್ಲಿ ಲಕ್ಷಗಳಲ್ಲಿದ್ದ ಲೆಕ್ಕ ಈಗ ವರ್ಷಕ್ಕೆ ಕೆಲವು ನೂರಕ್ಕೆ ಇಳಿದಿದೆ. ಇದರಿಂದ ಹೊಸ ಕಷ್ಟವೊಂದು ಹುಟ್ಟಿದೆ. ತಿಂಗಳುಗಟ್ಟಲೆ ಒಂದೂ ಪರೋಪಜೀವಿ ಕಾಣದ ತಂತ್ರಜ್ಞನ ಕಣ್ಣಿಗೆ ಅದರ ಪರಿಚಯವೇ ಮಾಸುತ್ತದೆ. 1960ರ ದಶಕದಲ್ಲಿ ರೋಗ ಹೋಯಿತೆಂದು ಕಣ್ಣು ಬೇರೆಡೆ ಹೊರಳಿಸಿದ್ದರ ಬೆಲೆಯನ್ನು 1976ರ ಅಂಕಿ ಹೇಳಿದೆ.

ಬೇಗಂಪೇಟೆಯಲ್ಲಿ ಬಿರುಕು ಬಿಟ್ಟ ಮಸೂರವೂ ಕೆಲಸ ಮಾಡಿತು. ಏಕೆಂದರೆ ಅದರ ಹಿಂದೆ ಬಿಡದೆ ನೋಡುವ ಒಂದು ಕಣ್ಣಿತ್ತು, ಎದುರಿಗೇ ರೋಗಿಯಿದ್ದ. ದೇವದುರ್ಗದಲ್ಲಾಗಲಿ ಮಾನ್ವಿಯಲ್ಲಾಗಲಿ ಪ್ರಯೋಗಾಲಯಕ್ಕೆ ಹೊಸ ಯಂತ್ರ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಅದರ ಬೆಲೆ ಎಷ್ಟು ಎಂಬುದಲ್ಲ. ಬೆಳಿಗ್ಗೆ ಕೊಟ್ಟ ಹನಿ ರಕ್ತದ ಉತ್ತರ, ಕೊಟ್ಟವನು ಗುಳೆ ಹೊರಡುವ ಮೊದಲು, ಅವನ ಕೈಗೆ ಸಿಗುತ್ತದೆಯೇ ಎಂಬುದು.